ಅತ್ತೆ ಎತ್ತಿದ ಫೋನು

ಪೈಲಟಮ್ಮ ನೆಟ್ಟಗೆ ಒಂದು ಸ್ನಾನ ಮಾಡಿ ಆರು ವರ್ಷವಾಗಿತ್ತು.

(ಮೂಗು ಮುಚ್ಚಿಕೊಳ್ಳಬೇಡಿ. ದಿನಾ ಬಚ್ಚಲಿಗೆ ಹೋಗುತ್ತಿದ್ದಳು, ನೀರು ಸುರಿದುಕೊಳ್ಳುತ್ತಿದ್ದಳು, ಹೊರಗೆ ಬರುತ್ತಿದ್ದಳು. ಆದರೆ ಸೋಪಿನ ಡಬ್ಬಿಯ ಪಕ್ಕದಲ್ಲಿ ಫೋನು ಇಟ್ಟುಕೊಂಡು, ಎಡಗಿವಿಗೆ ನೊರೆ ತಾಕದಂತೆ ತಲೆ ಓರೆ ಮಾಡಿಕೊಂಡು, ಒಂದೊಂದು ಚೊಂಬು ನೀರಿನ ನಡುವೆಯೂ ಉಸಿರು ಬಿಗಿಹಿಡಿದು ಆಲಿಸುವುದನ್ನು ಸ್ನಾನ ಅನ್ನುವುದಾದರೆ, ಹಳ್ಳಕ್ಕೆ ಬಿದ್ದ ಬೆಕ್ಕನ್ನೂ ಸ್ನಾನ ಮಾಡಿದ್ದು ಅನ್ನಬೇಕಾಗುತ್ತದೆ.)

ಆಕೆಗೆ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಕೆಲಸ. ದೊಡ್ಡ ವಿಮಾನಗಳು ಮೂಸಿಯೂ ನೋಡದ ಊರುಗಳಿಗೆ ಹೋಗಿಬರುವ, ಎಪ್ಪತ್ತು ಸೀಟಿನ, ಒಂದೊಂದು ರೆಕ್ಕೆಗೂ ಒಂದೊಂದು ಫ್ಯಾನು ಸಿಕ್ಕಿಸಿಕೊಂಡ ವಿಮಾನ. ಅದರ ಬಲಗಡೆ ಸೀಟಿನಲ್ಲಿ ಕೂರುವ ಸಹಪೈಲಟ್ ಅವಳು. ಬೀದಿಯವರು ಗೌರವದಿಂದ 'ಪೈಲಟಮ್ಮ' ಎಂದು ಹೆಸರಿಟ್ಟರು. ಗೌರವ ಆರು ತಿಂಗಳು ಬಾಳಿತು. ಆಮೇಲೆ, "ಎಂಥಾ ಪೈಲಟ್ಟೋ ಏನೋ, ನಾವು ನೋಡಿದಾಗೆಲ್ಲ ಟೆರೇಸಿನ ಮೇಲೆ ಬಟ್ಟೆ ಒಣಹಾಕ್ತಾ ಇರ್ತಾಳಪ್ಪ" ಎಂಬ ಮಾತು ಶುರುವಾಯಿತು.

ಅವರಿಗೇನು ಗೊತ್ತು, ಸ್ಟ್ಯಾಂಡ್‌ಬೈ ಎಂಬ ಘೋರ ತಪಸ್ಸು! ಬೆಳಗ್ಗೆ ಐದರಿಂದ ಸಂಜೆ ಏಳರವರೆಗೆ ಫೋನಿನ ಎದುರು ಕೂತಿರಬೇಕು. ಯಾರೋ ಒಬ್ಬ ಪೈಲಟ್ಟಿಗೆ ಹೊಟ್ಟೆ ಕೆಟ್ಟರೆ, ಇನ್ನೊಬ್ಬನಿಗೆ ಕಾನೂನು ಬಿಟ್ಟಷ್ಟು ಡ್ಯೂಟಿ ಗಂಟೆಗಳು ಮುಗಿದುಹೋದರೆ, ಯಾರು ಯಾವಾಗ ಹಾರಬೇಕೆಂದು ಪಟ್ಟಿ ಮಾಡುವ ಕಂಪನಿಯ ರೋಸ್ಟರ್ ವಿಭಾಗದಿಂದ ಕರೆ ಬರುತ್ತದೆ. ಹತ್ತು ನಿಮಿಷದೊಳಗೆ ಉತ್ತರಿಸಬೇಕು, ಒಂದೂವರೆ ಗಂಟೆಯೊಳಗೆ ಯೂನಿಫಾರ್ಮ್ ತೊಟ್ಟು ಏರ್‌ಪೋರ್ಟಿನಲ್ಲಿ ನಿಂತಿರಬೇಕು. ಕರೆ ಬರದಿದ್ದರೆ? ಬರುವವರೆಗೆ ಕಾಯಬೇಕು. ವಿಮಾನದ ಬಾಗಿಲು ಮುಚ್ಚಿದ ಮೇಲಷ್ಟೇ ಹಾರಾಟದ ಸಂಬಳ. ಮನೆಯ ಬಾಗಿಲು ಮುಚ್ಚಿಕೊಂಡು ಕೂತದ್ದಕ್ಕೆ ಸಿಗುವುದು ಬರೀ ಹೊಟ್ಟೆಪಾಡು. ಮೂರು ಸಲ ಫೋನು ತಪ್ಪಿಸಿಕೊಂಡರೆ ವಿಚಾರಣೆ. ಪೈಲಟಮ್ಮನ ಹೆಸರಿನ ಮುಂದೆ ಆಗಲೇ ಎರಡು ಕಪ್ಪು ಗೆರೆ ಬಿದ್ದಿದ್ದವು. ಎರಡೂ ಬಚ್ಚಲಿನ ಕೊಡುಗೆ.

"ಪದದಲ್ಲೇ ಇದೆಯಲ್ಲ," ಎಂದಿದ್ದ ಗಂಡ. ಅವನು ಕಾಲೇಜೊಂದರ ಲೈಬ್ರರಿಯನ್. ಕಂಡ ಪದಕ್ಕೆಲ್ಲ ಅರ್ಥ ಹೇಳುವ ಚಟ. "ಸ್ಟ್ಯಾಂಡ್ ಅಂದ್ರೆ ನಿಂತಿರು. ಬೈ ಅಂದ್ರೆ ಬೈಸ್ಕೊಂಡಿರು."

ಮೊದಲ ವರ್ಷ ಅವಳು ನಕ್ಕಿದ್ದಳು. ಆರನೆಯ ವರ್ಷವೂ ಅದನ್ನೇ ಹೇಳಿದಾಗ ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆಯಿತ್ತು. ಗಂಡ ಅದನ್ನೊಮ್ಮೆ ನೋಡಿ ಪೇಪರು ಓದತೊಡಗಿದ.

ಸೀನಿಯಾರಿಟಿ ಏರಿದರೆ ಸ್ಟ್ಯಾಂಡ್‌ಬೈ ತಪ್ಪುತ್ತದೆ ಎಂದು ಕೆಲಸಕ್ಕೆ ಸೇರುವಾಗ ಹೇಳಿದ್ದರು. ನಿಜವೇ. ಆದರೆ ಅವಳ ನಂತರ ಕಂಪನಿ ಒಂದು ನರಪಿಳ್ಳೆಯನ್ನೂ ಸೇರಿಸಿಕೊಂಡಿರಲಿಲ್ಲ. ಪಟ್ಟಿಯ ಕೊನೆಯಲ್ಲಿ ಅವಳೇ ಹೊಸಬಳು, ಅವಳೇ ಹಳಬಳು. ಸಿನಿಮಾಕ್ಕೆ ಹೋದರೆ ಅರ್ಧದಲ್ಲಿ ಫೋನು. ಪ್ರಪಂಚದ ಸಿನಿಮಾಗಳೆಲ್ಲ ಅವಳ ಪಾಲಿಗೆ ಇಂಟರ್ವಲ್ಲಿಗೇ ಮುಗಿಯುತ್ತಿದ್ದವು.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದಳು. ಅತ್ತೆಯ ಕಣ್ಣು ಮಾತ್ರ ನುಂಗಲಾರದ ತುತ್ತಾಯಿತು.

ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿ ಎಂದರೆ ಕಿವಿ! ಮೂರನೇ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಇಲ್ಲಿ ಕೂತೇ ಹೇಳುತ್ತಿದ್ದರು. ಕಣ್ಣು ಮಾತ್ರ ಕೈಕೊಟ್ಟಿತ್ತು. ಎರಡಕ್ಕೂ ಪೊರೆ. ("ಪೊರೆ ಅಂದ್ರೆ ಕಾಪಾಡು ಅಂತಲೂ ಅರ್ಥ ಇದೆ ಅಮ್ಮ," ಎಂದ ಲೈಬ್ರರಿಯನ್. "ಹಾಗಾದ್ರೆ ಮೊದಲು ನೀನು ನನ್ನ ಪೊರೆ," ಎಂದರು ಅತ್ತೆ.) ಒಂದು ದಿನವಂತೂ ಬಾಗಿಲ ಹಿಂದೆ ನೇತುಹಾಕಿದ್ದ ಯೂನಿಫಾರ್ಮ್ ಕೋಟನ್ನೇ ಸೊಸೆಯೆಂದು ತಿಳಿದು, ಸಂಸಾರದ ಕಷ್ಟಸುಖವನ್ನೆಲ್ಲ ಹತ್ತು ನಿಮಿಷ ಹೇಳಿಕೊಂಡಿದ್ದರು. ನಿಜ ತಿಳಿದಮೇಲೂ ಅವರಿಗೆ ಬೇಸರವಾಗಲಿಲ್ಲ. "ಆವತ್ತೊಂದು ದಿನ ನೀನು ಎದುರು ಮಾತಾಡದೆ ಕೇಳಿದೆ ಅಂತ ಖುಷಿಪಟ್ಟಿದ್ದೆ ಕಣೇ," ಎಂದರು.

ಆಪರೇಶನ್ ಅರ್ಧ ಗಂಟೆಯ ಕೆಲಸ. ಆದರೆ ಮನೆಯವರೊಬ್ಬರು ಜೊತೆಗಿದ್ದು, ಸಹಿ ಹಾಕಿ, ಒಳಗೆ ಕರೆದೊಯ್ದು, ಹೊರಗೆ ಕರೆತರಬೇಕು ಎಂದು ಆಸ್ಪತ್ರೆಯ ನಿಯಮ. ಅದಕ್ಕಾಗಿ ಮೂರು ತಾರೀಖು ಗೊತ್ತಾಯಿತು, ಮೂರೂ ಎಕ್ಕುಟ್ಟಿ ಹೋದವು.

ಮೊದಲನೆಯ ಸಲ ಅತ್ತೆಯ ಕಣ್ಣಿಗೆ ಹನಿ ಹಾಕಿ ಕಾರಿಡಾರಿನಲ್ಲಿ ಕೂರಿಸಿದ್ದರು. ಆವತ್ತು ಪೈಲಟಮ್ಮನಿಗೆ ವಾರದ ರಜೆ. ರಜೆಯನ್ನೂ ಕಂಪನಿ 'ಅಗತ್ಯ ಬಿದ್ದಲ್ಲಿ' ಹಿಂದಕ್ಕೆ ತೆಗೆದುಕೊಳ್ಳಬಹುದು; ಅಗತ್ಯ ಬಿತ್ತು. ಎರಡನೆಯ ಸಲ ಇನ್ನೇನು ಹೊರಡಬೇಕು ಎನ್ನುವಾಗ ಫೋನು ಬಂದು, ಅವಳು ಏರ್‌ಪೋರ್ಟಿಗೆ, ಅವಳ ಬದಲಿಗೆ ಗಂಡ ಆಸ್ಪತ್ರೆಗೆ. ಗಂಡನಿಗೆ ಪುಸ್ತಕದಲ್ಲಿ ಸೂಜಿಯ ಚಿತ್ರ ಕಂಡರೂ ತಲೆ ತಿರುಗುತ್ತದೆ. ನರ್ಸಮ್ಮ ಅಮ್ಮನ ರೆಪ್ಪೆ ಎತ್ತಿದ್ದೇ ತಡ, ಮಗ ದಬಕ್ಕೆಂದು ಬಿದ್ದ. ಟ್ರಾಲಿಯ ಅಂಚು ತಗುಲಿ ಹಣೆ ಸೀಳಿತು. ಅಮ್ಮನಿಗೆಂದು ಹಾಸಿದ್ದ ಹಾಸಿಗೆಯ ಮೇಲೆ ಮಗನನ್ನು ಮಲಗಿಸಿ ನಾಲ್ಕು ಹೊಲಿಗೆ ಹಾಕಿದರು. ಕಣ್ಣು ಕಾಣದ ಅಮ್ಮ ಮಗನ ಕೈ ಹಿಡಿದು ಮನೆಗೆ ಕರೆತಂದರು. ಮೂರನೆಯ ಸಲ, 'ಒಂದೇ ದಿನ ಮೇಡಂ' ಎಂದು ಕಂಪನಿಯವರು ಕಳಿಸಿದ್ದ ಪೈಲಟಮ್ಮ, ಟೈರು ಒಡೆದ ವಿಮಾನದ ಜೊತೆ ಯಾವುದೋ ಊರಿನ ಹೋಟೆಲಿನಲ್ಲಿ ಮೂರು ದಿನ ಕೊಳೆತಳು.

"ಇನ್ನು ತಡ ಮಾಡಿದ್ರೆ ಪೊರೆ ಕಲ್ಲಾಗುತ್ತೆ," ಎಂದರು ಡಾಕ್ಟರು. "ಬರೋ ತಿಂಗಳು ಎರಡನೇ ಗುರುವಾರ, ಮಧ್ಯಾಹ್ನ ಎರಡು ಗಂಟೆ. ಅದೂ ತಪ್ಪಿದ್ರೆ ಬೇರೆ ಡಾಕ್ಟರನ್ನ ಹುಡುಕ್ಕೊಳ್ಳಿ."

ಪೈಲಟಮ್ಮ ಅರ್ಜಿ ಬರೆದಳು. ಗುರುವಾರದ ರಜೆ ಮಂಜೂರಾಯಿತು. ಮಂಜೂರಾತಿ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಆ ಒಂದು ತಿಂಗಳನ್ನು ಕಳೆಯುವುದಿತ್ತಲ್ಲ, ಅಲ್ಲಿ ಶುರುವಾಯಿತು ಎಡವಟ್ಟು. ವಾರಕ್ಕೆ ಆರು ದಿನ ಸ್ಟ್ಯಾಂಡ್‌ಬೈ. ಫೋನು ಬರುತ್ತದೆಂಬ ಭಯಕ್ಕೆ ನಿದ್ದೆಯಿಲ್ಲ, ನಿದ್ದೆಯಿಲ್ಲದ್ದಕ್ಕೆ ಫೋನು ಬಂದರೆ ಎಂಬ ಭಯ. ಒಂದು ಬೆಳಗ್ಗೆ ಅತ್ತೆ ನೋಡುತ್ತಾರೆ (ನೋಡುವುದೆಲ್ಲಿ ಬಂತು, ಕೇಳುತ್ತಾರೆ): ಸೊಸೆ ಸೋಫಾದಲ್ಲಿ ಕೂತೇ ನಿದ್ದೆಹೋಗಿ, "ಹಲೋ, ಹೊರಟೆ, ಹೊರಟೆ" ಎನ್ನುತ್ತಿದ್ದಾಳೆ. ಕೈಯಲ್ಲಿರುವುದು ಟಿವಿಯ ರಿಮೋಟು.

"ಕೊಡು ಆ ಫೋನು. ನೀನು ಹೋಗಿ ಮಲಕ್ಕೋ," ಎಂದರು ಅತ್ತೆ.

"ಅದು ನಾನೇ ತೆಗೀಬೇಕು ಅತ್ತೆ."

"ಎರಡು ಸಾವಿರ ಲೈನು ಓಡಿದೆ ಈ ಕಿವಿ ಮೇಲೆ. ನಿನ್ನದೊಂದು ಲೈನು ನೋಡ್ಕೊಳ್ಳೋಕಾಗಲ್ವೇನೆ? ಬಂದ ತಕ್ಷಣ ಎತ್ತೀನಿ, ನಿನ್ನ ಎಬ್ಬಿಸ್ತೀನಿ. ಹತ್ತು ನಿಮಿಷ ಅಂದ್ರೆ ನಮ್ಮ ಎಕ್ಸ್‌ಚೇಂಜಿನಲ್ಲಿ ಒಂದು ಯುಗ."

ಪೈಲಟಮ್ಮನಿಗೆ ಆ ಕ್ಷಣ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಬಿದ್ದರೆ ಅಲ್ಲೇ ನಿದ್ದೆ ಬಂದುಬಿಡುತ್ತದೆಂದು ಹೆದರಿ ಹಾಸಿಗೆಗೆ ಹೋದಳು.

ಮರುದಿನವೇ ಮೊದಲ ಕರೆ ಬಂತು.

"ನಮಸ್ಕಾರ. ಯಾರು ಬೇಕಿತ್ತು?" ಎಂದರು ಅತ್ತೆ, ಮೂವತ್ತೊಂದು ವರ್ಷದ ಕಂಠದಲ್ಲಿ.

"ರೋಸ್ಟರ್‌ನಿಂದ. ಸಹಪೈಲಟ್ ಮೇಡಂ ಇದಾರಾ?"

"ಯಾವ ಊರಿಂದ ಮಾತಾಡ್ತಿದೀರಿ?"

"ಊರಲ್ಲಮ್ಮ, ಏರ್‌ಪೋರ್ಟಿಂದ."

"ಸ್ವಲ್ಪ ಗಟ್ಟಿಯಾಗಿ ಮಾತಾಡಿ. ಅರ್ಜೆಂಟ್ ಕರೆಯೋ, ಸಾಧಾರಣವೋ?"

"ಅರ್ಜೆಂಟಮ್ಮ! ಎಂಟೂವರೆ ವಿಮಾನ!"

"ನಿಮ್ಮ ನಂಬರ್ ಹೇಳಿ, ಬರ್ಕೋತೀನಿ. ಹ್ಞಾಂ... ಲೈನಲ್ಲೇ ಇರಿ."

ಅತ್ತೆ ಎದ್ದು, ಗೋಡೆ ಸವರಿಕೊಂಡು ಸೊಸೆಯ ಕೋಣೆಗೆ ಹೋಗಿ, ಮಂಚದ ಬದಲು ಬೀರುವನ್ನು ತಟ್ಟಿ ಎಬ್ಬಿಸಲು ನೋಡಿ, ಎದ್ದೇಳದ್ದು ಕಂಡು ಹಿಂದಿರುಗಿ, "ಲೈನ್ ಬಿಜಿ ಇದೆ, ಕಾಯ್ತೀರಾ?" ಎಂದರು. ಆ ಕಡೆಯವನು ಅಷ್ಟರಲ್ಲಿ ಬೇರೆ ಯಾರನ್ನೋ ಹಿಡಿದಿದ್ದ. ಫೋನು ತಪ್ಪಿಸಿದಂತೆಯೂ ಆಗಲಿಲ್ಲ, ಹಾರಬೇಕಾಗಿಯೂ ಬರಲಿಲ್ಲ! ಪೈಲಟಮ್ಮ ಒಂಬತ್ತು ಗಂಟೆ ಗೊರಕೆ ಹೊಡೆದಳು. ಎದ್ದು, ಕಿವಿ ಎರಡನ್ನೂ ನೊರೆಯಲ್ಲಿ ಮುಳುಗಿಸಿ ಸ್ನಾನ ಮಾಡಿದಳು. ಬಚ್ಚಲಿನಿಂದ ಹಾಡು ಕೇಳಿ ಗಂಡ ಗಾಬರಿಯಾಗಿ ಬಾಗಿಲು ಬಡಿದ.

ಹೀಗೆಯೇ ನಡೆದಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ. ಮೂರನೆಯ ಕರೆಯಲ್ಲಿ ಆ ಕಡೆಯವನು ಕೆಮ್ಮಿದ.

"ಒಣ ಕೆಮ್ಮು," ಎಂದರು ಅತ್ತೆ. "ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತಮ್ಮ. ಎಸಿ ರೂಮು. ಕಿಟಕಿ ಇಲ್ಲ."

"ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸು. ಕತ್ತಿಗೇನಾದ್ರೂ ಸುತ್ಕೊಂಡಿದೀಯಾ?"

ಅಷ್ಟು ಸಾಕಾಯಿತು. ಮರುದಿನದಿಂದ ಅವನು 'ಕೆಮ್ಮಿನವನು' ಆದ. ಎರಡು ವಾರದಲ್ಲಿ 'ಪಾಪ ನಮ್ಮ ಕೆಮ್ಮಿನವನು' ಆದ. ಬೆಳಗ್ಗೆ ಸ್ನಾನ ಮುಗಿಸಿ ಬಂದ ಪೈಲಟಮ್ಮನಿಗೆ ಅತ್ತೆ ಫೋನಿನಲ್ಲಿ ನಗುತ್ತಿರುವುದು ಕೇಳಿಸುತ್ತಿತ್ತು.

"ಅವನಿಗೆ ದಿನಕ್ಕೆ ಇನ್ನೂರು ಕರೆ ಮಾಡ್ಬೇಕಂತೆ ಕಣೇ. ಪೈಲಟ್ಟುಗಳೆಲ್ಲ ಬಾಯಿಗೆ ಬಂದಂಗೆ ಬೈತಾರಂತೆ."

"ಬೈಯ್ಯದೆ ಮತ್ತೇನು ಆರತಿ ಎತ್ತಬೇಕಾ ಅತ್ತೆ? ನಿಮ್ಮ ಆಪರೇಶನ್ ಮೂರು ಸಲ ತಪ್ಪಿಸಿದ ಮಹಾನುಭಾವ ಅವನೇ!"

"ಅವನೇನು ಮಾಡ್ತಾನೆ, ಮೇಲಿನೋರು ಹೇಳಿದ್ದು ಮಾಡ್ತಾನೆ. ನಾವೂ ಲೈನ್ ಕೊಡ್ತಿದ್ವಿ. ಆ ಕಡೆ ಸಾವಿನ ಸುದ್ದಿ ಇದ್ರೆ ನಮ್ಮನ್ನ ಬೈದ್ರೆ ಆಗುತ್ತಾ?"

ಎಬ್ಬಿಸುವುದೂ ಈಗ ಚುರುಕಾಯಿತು. ಬೀರು ತಟ್ಟುವುದು ನಿಂತು, ನೇರವಾಗಿ ಸೊಸೆಯ ಭುಜಕ್ಕೇ ಕೈ. "ಏಳು, ಏಳು, ಪಾಪ ಕಾಯ್ತಿದಾನೆ." ತನ್ನನ್ನು ಕಾಯಲು ಕೂರಿಸಿದ್ದ ಕಾವಲು ಎದುರು ಪಾಳೆಯಕ್ಕೆ ಸೇರಿಹೋಗಿದೆ ಎಂದು ಪೈಲಟಮ್ಮನಿಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು. ಫೋನು ವಾಪಸು ಕೇಳಿದರೆ ಅತ್ತೆಯ ಮುಖ ಸಪ್ಪಗಾಗುತ್ತಿತ್ತು. ನಿವೃತ್ತಿಯಾಗಿ ಹನ್ನೆರಡು ವರ್ಷವಾದ ಮೇಲೆ ಅವರಿಗೊಂದು ಲೈನು ಸಿಕ್ಕಿತ್ತು. ಕಸಿದುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಗುರುವಾರ ಹತ್ತಿರ ಬರುತ್ತಿದೆಯಲ್ಲ, ಕಣ್ಣು ಬಂದಮೇಲೆ ಟಿವಿ ನೋಡುತ್ತಾರೆ, ಫೋನು ಬಿಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು.

ಗುರುವಾರ ಬಂತು. ಬೆಳಗ್ಗೆ ಐದೂವರೆ. ಅತ್ತೆ ಪೈಲಟಮ್ಮನ ಭುಜ ಅಲುಗಿಸುತ್ತಿದ್ದರು.

"ಏಳು. ಆರು ಐವತ್ತೈದಕ್ಕೆ ನೀನು ಅಲ್ಲಿರ್ಬೇಕಂತೆ."

"ಆಸ್ಪತ್ರೆ ಎರಡು ಗಂಟೆಗೆ ಅತ್ತೆ..."

"ಆಸ್ಪತ್ರೆಯಲ್ಲ, ಏರ್‌ಪೋರ್ಟು. ಎಂಟು ಗಂಟೆ ವಿಮಾನಕ್ಕೆ ಸಹಪೈಲಟ್ ಇಲ್ವಂತೆ. ಬರ್ತಾಳೆ ಅಂತ ಹೇಳಿದೀನಿ."

ಪೈಲಟಮ್ಮ ಹಾಸಿಗೆಯಿಂದ ಎದ್ದದ್ದಲ್ಲ, ಟೇಕಾಫ್ ಆದಳು.

"ಇವತ್ತು ನನಗೆ ರಜೆ! ಫ್ರಿಜ್ಜಿನ ಮೇಲಿದೆ! ಮಂಜೂರಾದ ರಜೆ ದಿನ ಫೋನು ಎತ್ತಲೇಬೇಕಾಗಿಲ್ಲ! ಯಾಕೆ ಎತ್ತಿದ್ರಿ?"

"ಬಡ್ಕೊಳ್ತಿರೋ ಫೋನು ಎತ್ತದೆ ಕೂರೋಕೆ ನನ್ನಿಂದಾಗಲ್ಲ. ಹನ್ನೊಂದು ಜನಕ್ಕೆ ಮಾಡಿದ್ನಂತೆ, ಒಬ್ರೂ ಎತ್ತಲಿಲ್ವಂತೆ. 'ನಿಮ್ಮನೇಲಿ ಮಾತ್ರ ಮನುಷ್ಯರ ಥರ ಮಾತಾಡ್ತಾರಮ್ಮ' ಅಂದ. ಎಪ್ಪತ್ತು ಜನ ಹೊರಟು ನಿಂತಿದಾರೆ. ಹನ್ನೊಂದಕ್ಕೆಲ್ಲ ನೀನು ವಾಪಸ್ ಅಂತ ಮಾತು ಕೊಟ್ಟಿದಾನೆ."

"ರೋಸ್ಟರ್‌ನವನ ಮಾತು! ನಾನು ಹೋಗಲ್ಲ. ಸತ್ರೂ ಹೋಗಲ್ಲ."

"ಬೆಳಬೆಳಗ್ಗೆ ಹಾರಾಡ್ಬೇಡ ಕಣೇ."

"ಹಾರಾಡೋದೇ ನನ್ನ ಕೆಲಸ ಅಂತ ಮಾಡಿಟ್ಟಿದೀರಲ್ಲ ಅತ್ತೆ!"

ಗಂಡ ಬಾಗಿಲಲ್ಲಿ ತಲೆ ತೋರಿಸಿ, ಇಬ್ಬರಲ್ಲಿ ಯಾರ ಪರವಾಗಿ ಮಾತಾಡಿದರೂ ಇನ್ನೊಬ್ಬರು ಉಳಿಸುವುದಿಲ್ಲವೆಂದು ತಿಳಿದು ತಲೆಯನ್ನು ಹಿಂದಕ್ಕೆ ತೆಗೆದುಕೊಂಡ.

ಪೈಲಟಮ್ಮ ರೋಸ್ಟರಿಗೆ ಮೂರು ಸಲ ಫೋನು ಮಾಡಿದಳು. ಮೂರು ಸಲವೂ ಬಿಜಿ. (ಹನ್ನೆರಡನೆಯ ಮನೆಯಲ್ಲಿ ಒಪ್ಪಿಕೊಂಡ ಸಂತೋಷವನ್ನು ಯಾರಿಗೋ ಹೇಳುತ್ತಿದ್ದಿರಬೇಕು.) ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ 'ಒಪ್ಪಿಗೆ' ಎಂದು ಏರಿಹೋಗಿತ್ತು. ಕರೆ ರೆಕಾರ್ಡಾಗಿತ್ತು. ಒಪ್ಪಿಕೊಂಡು ಬಾರದಿರುವುದು ಫೋನು ತಪ್ಪಿಸಿದ್ದಕ್ಕಿಂತ ದೊಡ್ಡ ಅಪರಾಧ. ಮೂರನೆಯ ಕಪ್ಪು ಗೆರೆ. ಹಲ್ಲು ಕಚ್ಚಿಕೊಂಡು ಕೋಟು ತೊಟ್ಟಳು. ಅತ್ತೆ ಹತ್ತಿರ ಬಂದು ಕಾಲರು ಸವರಿ ಸರಿಮಾಡಿ, "ಹನ್ನೊಂದಕ್ಕೆ ಬಂದುಬಿಡು, ತಡ ಮಾಡ್ಬೇಡ," ಎಂದರು. ಅಷ್ಟು ಹೊತ್ತು ಬೈಯುತ್ತಿದ್ದವಳು ಅವರ ಜಾರಿದ ಸೆರಗನ್ನು ಭುಜಕ್ಕೇರಿಸಿ ಹೊರಟಳು.

ಏರ್‌ಪೋರ್ಟಿನಲ್ಲಿ ಎಪ್ಪತ್ತು ಪ್ರಯಾಣಿಕರಿದ್ದರು, ಕ್ಯಾಪ್ಟನ್ ಇದ್ದ, ಈಗ ಸಹಪೈಲಟ್ಟೂ ಬಂದಿದ್ದಳು. ವಿಮಾನ ಮಾತ್ರ ಇರಲಿಲ್ಲ. ಅದು ಇನ್ನೊಂದು ಊರಿನಲ್ಲಿ ಮಂಜಿನಲ್ಲಿ ಸಿಕ್ಕಿಕೊಂಡಿತ್ತು. ಹತ್ತಕ್ಕೆ ಬಂತು. ಅಷ್ಟರಲ್ಲಿ, ಬೆಳಗಿನ ಜಾವವೇ ಒಂದು ಸುತ್ತು ಹಾರಿಬಂದಿದ್ದ ಕ್ಯಾಪ್ಟನ್ನನ ಡ್ಯೂಟಿ ಗಂಟೆಗಳು ಸಾಲದಾದವು. ಅವನು ಟೋಪಿ ತೆಗೆದು ಮನೆಗೆ ಹೋದ. ಇನ್ನೊಬ್ಬ ಕ್ಯಾಪ್ಟನ್ನನಿಗೆ ಫೋನು ಹೋಯಿತು. ಅವನು ಎತ್ತಲಿಲ್ಲ. ಅವನ ಮನೆಯಲ್ಲಿ ಅತ್ತೆ ಇರಲಿಲ್ಲವೆಂದು ಕಾಣುತ್ತದೆ.

ಪೈಲಟಮ್ಮ ಸಿಬ್ಬಂದಿ ಕೋಣೆಯಲ್ಲಿ ಕೂತಳು. 'ನಿಮ್ಮ ವಿಶ್ರಾಂತಿಯೇ ನಮ್ಮ ಸುರಕ್ಷತೆ' ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ ಉದ್ದನೆಯ ಬೆಂಚು. ಯಾರೂ ಅಡ್ಡಾಗಬಾರದೆಂದು ಎರಡೆರಡು ಅಡಿಗೆ ಒಂದು ಕಬ್ಬಿಣದ ಹ್ಯಾಂಡಲ್. ಹನ್ನೊಂದಾಯಿತು. ಹನ್ನೆರಡಾಯಿತು. ಮನೆಗೆ ಫೋನು ಮಾಡಿದಳು.

"ರೀ, ನಾನು ಇಲ್ಲೇ ಸಿಕ್ಕಿಹಾಕ್ಕೊಂಡೆ. ಅತ್ತೆಗೆ ಹೇಳಿ—"

"ನೀನೇನೂ ಯೋಚ್ನೆ ಮಾಡ್ಬೇಡ," ಎಂದ ಗಂಡ ಉತ್ಸಾಹದಲ್ಲಿ. "ಎಲ್ಲಾ ವ್ಯವಸ್ಥೆ ಆಗಿದೆ. ನಾನು ರಿಸೆಪ್ಷನ್ ದಾಟಿ ಒಳಗೆ ಹೋಗಲ್ಲ."

"ಮತ್ತೆ ಒಳಗೆ ಯಾರು ಹೋಗ್ತಾರೆ?"

"ಆಟೋ ಬಂತು, ಇಡ್ತೀನಿ."

ಆಮೇಲೆ ಅವನ ಫೋನು ಎತ್ತುವವರಿಲ್ಲ. ಪೈಲಟಮ್ಮ ಎರಡು ಗಂಟೆಯನ್ನು ಗೋಡೆ ಗಡಿಯಾರದಲ್ಲಿ ನೋಡಿದಳು, ಎರಡೂವರೆಯನ್ನೂ ನೋಡಿದಳು. ಗಂಡ ಬಿದ್ದಿರುತ್ತಾನೆ, ಇನ್ನೊಂದು ಕಡೆ ಹೊಲಿಗೆ ಬಿದ್ದಿರುತ್ತದೆ, ಅತ್ತೆ ಕಾರಿಡಾರಿನಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡು ಒಬ್ಬರೇ ಕೂತಿರುತ್ತಾರೆ. ಮೂರಕ್ಕೆ ವಿಮಾನವೇ ರದ್ದಾಯಿತೆಂದು ಪ್ರಕಟಣೆ ಬಂತು. ಎಪ್ಪತ್ತು ಜನರೂ ಕೂಗಾಡಿ ಮನೆಗೆ ಹೋದರು. ಇವಳು ಬ್ಯಾಗು ಎತ್ತಿಕೊಂಡಳೋ ಇಲ್ಲವೋ, ಫೋನಿಗೆ ಸಂದೇಶ ಬಂತು: 'ಸಂಜೆ ಆರು ಐವತ್ತರವರೆಗೆ ಏರ್‌ಪೋರ್ಟಿನಲ್ಲೇ ಸ್ಟ್ಯಾಂಡ್‌ಬೈ.'

ಆರು ವರ್ಷದ ಸಿಟ್ಟು ಒಟ್ಟಿಗೇ ನೆತ್ತಿಗೇರಿತು. ರೋಸ್ಟರ್ ವಿಭಾಗ ಎರಡು ಮಹಡಿ ಕೆಳಗಿತ್ತು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಮೆಟ್ಟಿಲಿಳಿಯುತ್ತ ಮಾತುಗಳನ್ನು ಜೋಡಿಸಿಕೊಂಡಳು. ಮಧುರವಾದದ್ದು ಒಂದೂ ಇರಲಿಲ್ಲ. ಬಾಗಿಲು ದಬ್ಬಿದಳು. ಕಿಟಕಿಯಿಲ್ಲದ ಕೋಣೆ, ಐದು ಕುರ್ಚಿ, ಐದು ಕಂಪ್ಯೂಟರು, ಫೋನುಗಳ ಗಲಾಟೆ. ಒಂದು ಕುರ್ಚಿ ಖಾಲಿ. ಪಕ್ಕದಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಒಂದೊಂದು ಕಿವಿಗೆ ಒಂದೊಂದು ಫೋನು ಹಿಡಿದಿದ್ದಳು.

"ಕೆಮ್ಮೋರು... ಬೆಳಗ್ಗೆ ಫೋನ್ ಮಾಡಿದ್ರಲ್ಲ, ಅವರೆಲ್ಲಿ?"

"ಅವರಾ? ಹನ್ನೆರಡಕ್ಕೇ ಹೋದ್ರು. ತುರ್ತು ರಜೆ. ಅವರಮ್ಮನಿಗೆ ಕಣ್ಣಿನ ಆಪರೇಶನ್ನಂತೆ."

ಪೈಲಟಮ್ಮನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಮರುಕ್ಷಣ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು.

"ಅವರಿಗೆ... ತಾಯಿ ಇದಾರಾ?"

"ತೀರಿಕೊಂಡು ಎರಡು ವರ್ಷ ಆಯ್ತು. ಆವಾಗ ಇವರಿಗೆ ಶಿಫ್ಟ್ ಬಿಡಿಸೋಕೆ ಯಾರೂ ಸಿಗಲಿಲ್ಲ, ಮುಖ ನೋಡೋಕೂ ಆಗಲಿಲ್ಲ ಪಾಪ. ಇವತ್ತು ಆಪರೇಶನ್ ಆಗೋರು ಯಾರೋ ಅಮ್ಮನ ಥರಾನೇ ಅಂತೆ. ಸಾಹೇಬ್ರು ತಕ್ಷಣ ರಜೆ ಕೊಟ್ರು. ಆಸ್ಪತ್ರೆ ವಿಷಯ ಅಂದ್ರೆ ಇಲ್ಲ ಅನ್ನೋಕಾಗುತ್ತಾ?"

"ನನಗೂ ರಜೆ ಬೇಕು," ಎಂದಳು ಪೈಲಟಮ್ಮ. "ನಮ್ಮತ್ತೆಗೂ ಇವತ್ತೇ ಕಣ್ಣಿನ ಆಪರೇಶನ್."

ಕನ್ನಡಕದವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲರ ಮನೇಲೂ ಇವತ್ತೇ ಆಪರೇಶನ್ನಾ ಮೇಡಂ? ಆರು ಐವತ್ತಕ್ಕೆ ಬಿಡ್ತೀನಿ, ಹೋಗಿ ಕೂತ್ಕೊಳ್ಳಿ."

ಹ್ಯಾಂಡಲ್ ಹಾಕಿದ ಬೆಂಚಿನ ಮೇಲೆ ಇನ್ನೂ ಮೂರೂವರೆ ಗಂಟೆ ಕೂತಳು. ಅವನನ್ನು ಬೈಯಲೆಂದು ಜೋಡಿಸಿದ ಮಾತುಗಳೆಲ್ಲ ಬಾಯಲ್ಲೇ ಇದ್ದವು. ಯಾರಿಗೆ ಬೈಯುವುದೆಂದು ಮಾತ್ರ ತಿಳಿಯಲಿಲ್ಲ. ಅದೊಂದು ಸುಖವನ್ನೂ ಆ ಕೆಮ್ಮಿನವನು ಕಿತ್ತುಕೊಂಡು ಹೋಗಿದ್ದ.

ಮನೆಗೆ ಬಂದಾಗ ಏಳೂಕಾಲು. ಹೊಸ್ತಿಲ ಹೊರಗೆ ಒಂದು ಜೊತೆ ಹಳೆಯ ಶೂ, ಒಂದಕ್ಕೊಂದು ಒತ್ತಾಗಿ ಇಟ್ಟಿದ್ದವು. ಒಳಗೆ ಸೋಫಾದಲ್ಲಿ ಅತ್ತೆ, ಒಂದು ಕಣ್ಣಿಗೆ ಬಿಳಿ ಬಟ್ಟೆ, ಮುಖದಲ್ಲಿ ಗೆದ್ದ ಕಳೆ. ಪಕ್ಕದ ಕುರ್ಚಿಯ ತುದಿಯಲ್ಲಿ ಐವತ್ತು ದಾಟಿದ, ಗುಬ್ಬಚ್ಚಿಯಂಥ ಮನುಷ್ಯ. ಕತ್ತಿಗೆ ಅತ್ತೆಯದೇ ಮಫ್ಲರು. ಫೋನಿನಲ್ಲಿ ಸಿಂಹದಂತೆ ಕೇಳುತ್ತಿದ್ದ ಆ ದನಿ ಈ ದೇಹದೊಳಗೆ ಎಲ್ಲಿ ಅಡಗಿತ್ತೋ! ಗಂಡ ಟ್ರೇಯಲ್ಲಿ ಚಹಾ ಹಿಡಿದು ಬರುತ್ತಿದ್ದ, ಹಣೆ ಇಡಿಯಾಗಿತ್ತು.

"ಮೇಡಂ, ನಮಸ್ಕಾರ," ಎಂದು ಅವನು ಎದ್ದು ನಿಂತ. "ಹನ್ನೊಂದಕ್ಕೆ ವಾಪಸ್ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ನಡೆಸೋಕೆ ಆಗಲಿಲ್ಲ. ಅದಕ್ಕೇ ನಾನೇ ಬಂದೆ." ಎಂದು ಕೆಮ್ಮಿದ.

"ನಿಂತ್ಕೊಂಡೇ ಇದೀಯಲ್ಲೇ," ಎಂದರು ಅತ್ತೆ. "ಒಂದು ಲೋಟ ಬಿಸಿನೀರು ತಂದುಕೊಡು ಅವನಿಗೆ. ಬೆಳಗ್ಗಿಂದ ದುಡಿದಿದಾನೆ."

ಪೈಲಟಮ್ಮ ಬಿಸಿನೀರು ತಂದುಕೊಟ್ಟಳು. ತಂದು ಇಡುವಾಗ ಟೀಪಾಯಿಯ ಮೇಲಿನ ಹಾಳೆ ಕಂಡಳು. ಅತ್ತೆಯ ಕಣ್ಣಿಗೆ ಹನಿ ಹಾಕುವ ವೇಳಾಪಟ್ಟಿ. ಕಂಪನಿಯ ರೋಸ್ಟರಿನ ಮಾದರಿಯಲ್ಲೇ ಗೆರೆ ಹೊಡೆದು ಅಚ್ಚುಕಟ್ಟಾಗಿ ಬರೆದಿತ್ತು. ಬೆಳಗ್ಗೆ: ಮಗ (ಕಣ್ಣು ಮುಚ್ಚಿಕೊಂಡು ಬಾಟಲಿ ಹಿಡಿಯುವುದು). ಸಂಜೆ: ಎದುರುಮನೆಯಾಕೆ. ಕೊನೆಯ ಸಾಲಿನಲ್ಲಿ, ಸ್ಟ್ಯಾಂಡ್‌ಬೈ: ಸೊಸೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು.

"ಹ್ಞೂಂ... ನಾಳೆ ಬೆಳಗ್ಗೆ ಆರಕ್ಕಾ? ಸಹಪೈಲಟ್ಟಾ?... ಬೇರೆಯವರಿಗೆ ಮಾಡ್ಬೇಡಿ, ಯಾರೂ ಎತ್ತಲ್ಲ. ನಾನು ಮೇಡಂ ಮನೇಲೇ ಇದೀನಿ. ಹೌದು, ಎದುರಿಗೇ ನಿಂತಿದಾರೆ. ಖುದ್ದಾಗಿ ತಿಳಿಸಲಾಗಿದೆ ಅಂತ ಬರ್ಕೊಳ್ಳಿ."

"ಇಲ್ಲ!" ಎಂದಳು ಪೈಲಟಮ್ಮ. "ಈಗ ತಾನೇ ಡ್ಯೂಟಿ ಮುಗಿದಿದೆ. ಹತ್ತು ಗಂಟೆ ವಿಶ್ರಾಂತಿ ಕೊಡಬೇಕು ಅಂತ ಕಾನೂನಿದೆ!"

ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಆರು ವರ್ಷದಿಂದ ಅವಳ ದಿನಗಳನ್ನೆಲ್ಲ ಎಣಿಸಿದ ಬೆರಳುಗಳು.

"ಆರು ಐವತ್ತಕ್ಕೆ ಬಿಟ್ಟಿದಾರೆ. ಹತ್ತು ಗಂಟೆ ಅಂದ್ರೆ ನಾಲ್ಕು ಐವತ್ತು. ವರದಿ ಮಾಡ್ಕೋಬೇಕಾದ್ದು ನಾಲ್ಕು ಐವತ್ತೈದಕ್ಕೆ. ಐದು ನಿಮಿಷ ನಿಮಗೇ ಉಳಿಯುತ್ತೆ ಮೇಡಂ." ತಟ್ಟನೆ ಏನೋ ನೆನಪಾದವನಂತೆ ಲೋಟ ಕೆಳಗಿಟ್ಟ. "ಅಯ್ಯೋ, ನಾನು ಇಲ್ಲಿರಬಾರದು. ವಿಶ್ರಾಂತಿ ಹೊತ್ತಲ್ಲಿ ರೋಸ್ಟರಿನವರು ಪೈಲಟ್ಟನ್ನ ಮಾತಾಡಿಸಬಾರದು ಅಂತ ನಿಯಮ. ಬರ್ತೀನಮ್ಮ."

ಅತ್ತೆ ಬಾಗಿಲವರೆಗೂ ಹೋಗಿ ಬೀಳ್ಕೊಟ್ಟರು. ಬಂದು ಸೋಫಾದಲ್ಲಿ ಕೂತು ನಿಟ್ಟುಸಿರು ಬಿಟ್ಟರು.

"ಇನ್ನೊಂದು ಕಣ್ಣಿಗೆ ಬರೋ ತಿಂಗಳು ಡೇಟ್ ಕೊಟ್ಟಿದಾರೆ. ನಿನಗೆ ತೊಂದ್ರೆ ಬೇಡ ಅಂತ ಅವನೇ ಆಸ್ಪತ್ರೇಲಿ ಕೂತ್ಕೊಂಡು ರಜೆ ಅರ್ಜಿ ಹಾಕ್ದ. ಆಗಲೇ ಮಂಜೂರೂ ಆಯ್ತು."

ಪೈಲಟಮ್ಮ ಶೂ ಬಿಚ್ಚುತ್ತಿದ್ದಳು. ಫ್ರಿಜ್ಜಿನ ಕಡೆ ತಿರುಗಿಯೂ ನೋಡಲಿಲ್ಲ.

"ನೋಡು," ಎಂದರು ಅತ್ತೆ ಪ್ರೀತಿಯಿಂದ, ಬಟ್ಟೆ ಕಟ್ಟಿದ ಮುಖವನ್ನು ಅವಳತ್ತ ತಿರುಗಿಸಿ, "ಎಷ್ಟು ಕೆಲಸ ಇದ್ರೂ ಬಿಡುವು ಮಾಡ್ಕೊಂಡು ಬಂದ. ಮನಸ್ಸು ಬೇಕು ಕಣೇ, ಅಷ್ಟೇ."

ಪೈಲಟಮ್ಮ ಫೋನಿನಲ್ಲಿ ಮೂರೂವರೆಗೆ ಅಲಾರಂ ಇಟ್ಟಳು. ಉತ್ತರ ಹೇಳಲು ಹೊರಟಿದ್ದರೆ ಆ ಐದು ನಿಮಿಷ ಸಾಲುತ್ತಿರಲಿಲ್ಲ.